ಕಿವಿಯವರೆಗೆ ಬಂದ ತಂತಿ

ರೇಡಿಯೋ ಕೆಟ್ಟಿತೆಂದು ನೀವು ರಿಪೇರಿಯವನ ಬಳಿಗೆ ಒಯ್ದಾಗ, ಆತ ಪೆಟ್ಟಿಗೆಯ ಹಿಂಬದಿಯನ್ನು ಬಿಚ್ಚುವುದಕ್ಕೆ ಮುಂಚೆ ತಂತಿಯನ್ನು ಹಿಡಿದು ಅಲುಗಿಸಿ ನೋಡುವುದನ್ನು ಗಮನಿಸಿರಬಹುದು. ಅನುಭವಸ್ಥನ ಲಕ್ಷಣವದು. ಹೆಡ್‌ಫೋನಿನ ವಿಷಯದಲ್ಲಂತೂ ಕೆಡುವುದು ಬಹುಮಟ್ಟಿಗೆ ಯಂತ್ರವಲ್ಲ, ತಂತಿ. ಅದೂ ಪ್ಲಗ್ಗಿನ ಬುಡದಲ್ಲಿ. ಒಂದೇ ಕಿವಿಗೆ ಹಾಡು ಕೇಳತೊಡಗಿತೆಂದರೆ ನಾವು ಇಡೀ ಸಾಧನವನ್ನೇ ಮೂಲೆಗೆ ಎಸೆದು ಹೊಸದನ್ನು ಕೊಳ್ಳುತ್ತೇವೆ. ಆದರೆ ಈ ತಂತಿಯ ವಂಶಾವಳಿಯನ್ನು ಸ್ವಲ್ಪ ಕೆದಕಿದರೆ, ಅದು ಮನೆಯ ಸಾಮಾನಿನಿಂದಲೇ, ಮನುಷ್ಯರ ಬೆರಳುಗಳಿಂದಲೇ ಹುಟ್ಟಿ ಬಂದದ್ದೆಂಬುದು ತಿಳಿಯುತ್ತದೆ.

1831ರ ಆಗಸ್ಟ್ 29ರಂದು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ತಾಮ್ರದ ತಂತಿ ಸುತ್ತಿ, ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ. ಹೊದಿಕೆಯುಳ್ಳ ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ ಆತ ನಡುನಡುವೆ ಹುರಿಯನ್ನೂ ಹತ್ತಿಬಟ್ಟೆಯನ್ನೂ ಇಟ್ಟು ಸುತ್ತಿದ. ಸರಿಸುಮಾರು ಅದೇ ಕಾಲದಲ್ಲಿ ಅಮೆರಿಕದ ಆಲ್ಬನಿ ಊರಿನ ಉಪಾಧ್ಯಾಯ ಜೋಸೆಫ್ ಹೆನ್ರಿ ತನ್ನ ತಂತಿಗೆ ರೇಷ್ಮೆಯನ್ನು ಸುತ್ತುತ್ತಿದ್ದ. ಆ ರೇಷ್ಮೆಗಾಗಿ ಹೆಂಡತಿಯ ಒಳಲಂಗವನ್ನೇ ಹರಿದನೆಂದು ಒಂದು ಕಥೆಯುಂಟು. ಕಥೆಯಾಗಿ ಚೆನ್ನಾಗಿದೆ, ರೇಷ್ಮೆ ಸುತ್ತಿದನೆಂಬಷ್ಟು ಮಾತ್ರ ಇತಿಹಾಸ.

ಮುಂದೆ ಟೆಲಿಫೋನು ಬಂತು. 1878ರಲ್ಲಿ ಅಮೆರಿಕದ ನ್ಯೂಹೇವನ್ನಿನಲ್ಲಿ ಮೊದಲ ವಾಣಿಜ್ಯ ಎಕ್ಸ್‌ಚೇಂಜು ತೆರೆಯಿತು. ಕರೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಆ ಹಲಗೆಗಳಿಗಾಗಿ ಕಾಲು ಅಂಗುಲ ದಪ್ಪದ ಪ್ಲಗ್ಗು ರೂಢಿಗೆ ಬಂತು. ಇಂದಿಗೂ ದೊಡ್ಡ ಹೆಡ್‌ಫೋನುಗಳಲ್ಲಿ, ವಿದ್ಯುತ್ ಗಿಟಾರುಗಳಲ್ಲಿ ಇರುವುದು ಅದೇ. ಟ್ರಾನ್ಸಿಸ್ಟರ್ ರೇಡಿಯೋಗಳ ಕಾಲದಲ್ಲಿ ಅದರ ತಮ್ಮನಾದ 3.5 ಮಿಲಿಮೀಟರಿನ ಪ್ಲಗ್ಗು ಮನೆಮನೆಗೆ ನುಗ್ಗಿತು. ಶತಮಾನಕ್ಕೂ ಹಳೆಯದಾದ ಒಂದು ಸಾಮಾನು ಹೀಗೆ ರೂಪಗೆಡದೆ ಬಳಕೆಯಲ್ಲಿರುವುದು ವಿದ್ಯುತ್ ಪ್ರಪಂಚದಲ್ಲಿ ಅಪರೂಪ.

ಟೆಲಿಫೋನಿನ ಹಗ್ಗ ದಿನಕ್ಕೆ ನೂರಾರು ಬಾರಿ ಬಾಗಬೇಕು, ತಿರುಚಬೇಕು. ಗಟ್ಟಿ ತಂತಿಯಾದರೆ ಬೇಗನೆ ಮುರಿಯುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವನ್ನು ಕೇಳಿದರೆ ನಮ್ಮ ಹೆಂಗಸರು ನಕ್ಕಾರು. ನೂಲಿನ ಎಳೆಯ ಮೇಲೆ ಕಾಗದಕ್ಕಿಂತ ತೆಳ್ಳಗಿನ ತಾಮ್ರದ ಪಟ್ಟಿಯನ್ನು ಸುರುಳಿಯಾಗಿ ಸುತ್ತುವುದು. ಇದು ನಮ್ಮ ರೇಷ್ಮೆ ಸೀರೆಯ ಜರಿಯಲ್ಲದೆ ಮತ್ತೇನು? ಜರಿಯಲ್ಲಿ ರೇಷ್ಮೆಯೆಳೆಗೆ ಚಪ್ಪಟೆಯಾದ ಬೆಳ್ಳಿತಂತಿ. ಇಲ್ಲಿ ನೂಲಿಗೆ ತಾಮ್ರ. ಇಂಗ್ಲಿಷಿನಲ್ಲಿ ಇದಕ್ಕೆ ಬಂದ ಹೆಸರೂ ಟಿನ್ಸೆಲ್, ಅಂದರೆ ಜರತಾರಿಯೇ. ಭಾರವನ್ನು ನೂಲು ಹೊರುತ್ತದೆ, ಮಾತನ್ನು ತಾಮ್ರ ಹೊರುತ್ತದೆ. ತೊಡಕೆಂದರೆ, ಬೆಸುಗೆ ಹಾಕಹೊರಟರೆ ನೂಲು ಸುಟ್ಟುಹೋಗುತ್ತದೆ.

ಇನ್ನು ಹೆಡ್‌ಫೋನಿನ ಮಾತು. ಅಮೆರಿಕದ ಯೂಟಾ ಪ್ರಾಂತದಲ್ಲಿ ನೆಥೇನಿಯಲ್ ಬಾಲ್ಡ್‌ವಿನ್ ಎಂಬೊಬ್ಬನಿದ್ದ. ದೊಡ್ಡ ಪ್ರಾರ್ಥನಾಮಂದಿರದ ಉಪದೇಶ ತನಗೆ ಸರಿಯಾಗಿ ಕೇಳಿಸುವುದಿಲ್ಲವೆಂಬ ಕೊರಗಿನಿಂದ ಆತ ಶಬ್ದವನ್ನು ಹಿಗ್ಗಿಸುವ ಪ್ರಯೋಗಕ್ಕೆ ಕೈಹಾಕಿದನಂತೆ. ಒಂದೊಂದು ಕಿವಿಯ ಬಟ್ಟಲಿನಲ್ಲೂ ಸುಮಾರು ಒಂದು ಮೈಲಿ ಉದ್ದದ ನವುರಾದ ತಾಮ್ರದ ತಂತಿಯ ಸುರುಳಿ! 1910ರಲ್ಲಿ ಒಂದು ಜೊತೆಯನ್ನು ಅಮೆರಿಕದ ನೌಕಾಪಡೆಗೆ ಕಳಿಸಿದ. ಪರೀಕ್ಷಿಸಿದ ಅಧಿಕಾರಿಗಳು ಬೆರಗಾದರು; ತಾವು ಬಳಸುತ್ತಿದ್ದುದಕ್ಕಿಂತ ಇದು ಎಷ್ಟೋ ಮೇಲು. ಬೇಡಿಕೆ ಬಂತು. ಆದರೆ ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಒದಗಿಸಲಾರೆನೆಂದು ಬಾಲ್ಡ್‌ವಿನ್ ಉತ್ತರ ಬರೆದ. ಕಾರಣ, ಅವನ ಕಾರ್ಖಾನೆಯೆಂದರೆ ಮನೆಯ ಅಡಿಗೆಕೋಣೆ! ಪೇಟೆಂಟು ಮಾಡಿಸಿಕೊಳ್ಳಿರೆಂದು ನೌಕಾಪಡೆಯವರೇ ಸೂಚಿಸಿದರೆ, ಇಷ್ಟು ಅಲ್ಪ ಕೆಲಸಕ್ಕೆ ಅದೇಕೆಂದು ತಳ್ಳಿಹಾಕಿದನೆಂದು ಹೇಳುತ್ತಾರೆ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ದೊಡ್ಡ ಕಾರ್ಖಾನೆಯೇ ಎದ್ದಿತು, ಸಂಪತ್ತು ಹರಿಯಿತು. ಕೊನೆಗೆ ಎಲ್ಲವೂ ಕರಗಿ, ಆತ ಸೆರೆಮನೆಯನ್ನೂ ಕಾಣಬೇಕಾಯಿತು. ಅವನ ಕೈಗೆ ಇದ್ದ ಜಾಣ್ಮೆ ಅವನ ಲೆಕ್ಕಪತ್ರಕ್ಕೆ ಇರಲಿಲ್ಲ.

1920ರ ದಶಕದ ಹರಳು ರೇಡಿಯೋಗಳಿಗೆ ಹೆಡ್‌ಫೋನೇ ಜೀವ. ಗೆಲೀನಾ ಹರಳನ್ನು ಅಲೆಗಳ ಶೋಧಕವಾಗಿ ಬಳಸುವ ಪೇಟೆಂಟು 1904ರಷ್ಟು ಹಿಂದೆಯೇ ನಮ್ಮ ಜಗದೀಶಚಂದ್ರ ಬೋಸರ ಹೆಸರಿನಲ್ಲಿ ಆಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಇಂಥ ರೇಡಿಯೋಗೆ ವಿದ್ಯುತ್ ಸಂಪರ್ಕವೂ ಬೇಡ, ಬ್ಯಾಟರಿಯೂ ಬೇಡ. ಇಂಗ್ಲೆಂಡಿನ ಮನೆಗಳಲ್ಲಿ ಎಲ್ಲರಿಗೂ ಕೇಳಲೆಂದು ಹೆಡ್‌ಫೋನನ್ನು ಅಡಿಗೆಯ ಬೋಗುಣಿಯೊಳಗೆ ಇಡುತ್ತಿದ್ದರು, ಬೋಗುಣಿಯೇ ಧ್ವನಿವರ್ಧಕ. ಇನ್ನು ನಮ್ಮ ಮೈಸೂರಿನಲ್ಲಿ ಬಾನುಲಿ ಕೇಂದ್ರವೇ ಮನೆಯಲ್ಲಿ ಹುಟ್ಟಿತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದ, 30 ವ್ಯಾಟಿನ ಸಣ್ಣ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು.

ಈ ಪರಂಪರೆಯಲ್ಲಿ ನೀವೂ ಒಂದು ತಂತಿ ಕಟ್ಟಬಾರದೇಕೆ? ಬೇಕಾದದ್ದು ಸಣ್ಣ ಬೆಸುಗೆ ಕಡ್ಡಿ, ರಾಳವಿರುವ ಸೀಸ-ತವರದ ಬೆಸುಗೆ, ಒಂದು 3.5 ಮಿಲಿಮೀಟರಿನ ಪ್ಲಗ್ಗು, ಮೂರೆಳೆಯ ಮೆತ್ತನೆಯ ತಂತಿ. ಮೊದಲು ಪ್ಲಗ್ಗಿನ ಕವಚವನ್ನು ತಂತಿಗೆ ಪೋಣಿಸಿಕೊಳ್ಳಿ. ಬೆಸುಗೆಯಾದ ಮೇಲೆ ಅದು ಒಳಹೋಗುವುದಿಲ್ಲ. ಪ್ಲಗ್ಗಿನ ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಎರಡಕ್ಕೂ ಸಾಮಾನ್ಯ. ಹಳೆಯ ಇಯರ್‌ಫೋನಿನ ಎಳೆಗಳನ್ನು ಬಳಸುವುದಾದರೆ, ಅವುಗಳ ಬಣ್ಣ ವಾಸ್ತವವಾಗಿ ಅರಗಿನಂಥ ಹೊದಿಕೆ; ಅದನ್ನು ಸುಟ್ಟು ತೆಗೆಯದೆ ಬೆಸುಗೆ ಹಿಡಿಯದು. ಬುಡದಲ್ಲಿ ತಂತಿಯನ್ನು ಬಿಗಿಯಾಗಿ ಕಟ್ಟಿ, ಎಳೆತ ಬೆಸುಗೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಬೆಸುಗೆ ಮುಗಿದ ಮೇಲೆ ಕೈ ತೊಳೆಯಿರಿ, ಸೀಸ ವಿಷ. ದುಬಾರಿ ತಂತಿಯಿಂದ ಸಂಗೀತ ಮಧುರವಾಗುತ್ತದೆಂಬ ಮಾತನ್ನು ನಾನು ಒಪ್ಪಲಾರೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ 0.017 ಓಮ್ ತಡೆ. ತಂತಿ ಅದರ ಹತ್ತನೆಯ ಒಂದರಷ್ಟು ಸಣ್ಣದಾದರೂ 32 ಓಮಿನ ಹೆಡ್‌ಫೋನಿನ ಮುಂದೆ ಅದು ಲೆಕ್ಕಕ್ಕೇ ಬಾರದು.

ಒಂದು ಎಚ್ಚರಿಕೆ, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅಜ್ಜನ ಕಾಲದ ವಾಲ್ವ್ ರೇಡಿಯೋ ಇನ್ನೂ ಮನೆಯಲ್ಲಿದ್ದರೆ, ಅದಕ್ಕೆ ಈ ತಂತಿಯನ್ನು ಎಂದಿಗೂ ಜೋಡಿಸಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎ.ಸಿ.–ಡಿ.ಸಿ. ರೇಡಿಯೋಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ಮನೆಯ ವಿದ್ಯುತ್ತಿಗೆ ನೇರವಾಗಿ ಸೇರಿರುತ್ತದೆ. ಅದಕ್ಕೆ ಕೈಯಾರೆ ಕಟ್ಟಿದ ತಂತಿ ಸಿಕ್ಕಿಸಿದರೆ ಆ ವಿದ್ಯುತ್ತು ಕಿವಿಗೇ ಬರಬಹುದು. ಹೆಡ್‌ಫೋನಿಗೆಂದೇ ರಂಧ್ರವಿರುವ, ಶೆಲ್ಲಿನಿಂದ ನಡೆಯುವ ಟ್ರಾನ್ಸಿಸ್ಟರಿನಲ್ಲಿ ಆ ಭಯವಿಲ್ಲ.

ತಂತಿ ಸಿದ್ಧವಾದ ಮೇಲೆ ಹೆಡ್‌ಫೋನನ್ನು ಕಿವಿಯಿಂದ ಗೇಣುದೂರ ಹಿಡಿದು, ಒಂದೂವರೆ ವೋಲ್ಟಿನ ಶೆಲ್ಲನ್ನು ಪ್ಲಗ್ಗಿನ ಬುಡಕ್ಕೂ ತುದಿಗೂ ಎರಡು ತುಂಡು ತಂತಿಗಳಿಂದ ಒಂದು ಕ್ಷಣ ತಾಗಿಸಿ. ಎಡಗಡೆಯ ಬಟ್ಟಲಿನಲ್ಲಿ ಟಿಕ್ ಎನ್ನಬೇಕು; ಬುಡಕ್ಕೂ ಉಂಗುರಕ್ಕೂ ತಾಗಿಸಿದರೆ ಬಲಗಡೆ. ಎರಡರಲ್ಲೂ ಒಟ್ಟಿಗೆ ಕೇಳಿದರೆ ಎಲ್ಲಿಯೋ ಎರಡು ಎಳೆಗಳು ಒಂದನ್ನೊಂದು ಮುಟ್ಟಿವೆ. ಕವಚವನ್ನು ಮತ್ತೆ ಬಿಚ್ಚಿ ನೋಡಿ.