ನೆಗೆಟಿವ್ ಬಂದಿದೆ, ಆದರೆ ಯಾವತ್ತಿನ ನೆಗೆಟಿವ್?

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಕೊರೊನಾ ಇತ್ತು ಅನ್ನೋದು ಖಚಿತವಾಗಿದ್ದು 12ರಂದು. ದೇಶದ ಮೊದಲ ಕೊರೊನಾ ಸಾವಿನಲ್ಲೇ ಮನುಷ್ಯರು ಮೊದಲು ಹೋದರು, ರಿಪೋರ್ಟ್ ಆಮೇಲೆ ಬಂತು.

ತಿಂಗಳು ಕಳೆಯೋದರಲ್ಲಿ ಗದಗದ ಸರದಿ. ಏಪ್ರಿಲ್‌ನಲ್ಲಿ ಅಲ್ಲಿನ ವೃದ್ಧೆಯೊಬ್ಬರು ಸೋಂಕಿನಿಂದ ತೀರಿಕೊಂಡರು. ವಿದೇಶಕ್ಕೆ ಹೋಗಿ ಬಂದವರಲ್ಲ. ತೀವ್ರ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದವರನ್ನೆಲ್ಲ ಪರೀಕ್ಷಿಸಿ ಅಂತ ಐಸಿಎಂಆರ್ ಹೇಳಿದ್ದು ಮಾರ್ಚ್ 20ಕ್ಕೆ. ಅದಕ್ಕೆ ಮೊದಲು ಇಂಥವರ ಮೂಗಿಗೆ ಕಡ್ಡಿ ಹಾಕುವ ನಿಯಮವೇ ಇರಲಿಲ್ಲ. ಯಾರನ್ನು ಪರೀಕ್ಷಿಸಬೇಕು ಅಂತ ತೀರ್ಮಾನಿಸೋದು ಯಂತ್ರ ಅಲ್ಲ, ನಾವು.

ಆಮೇಲೆ ಶುರುವಾಯಿತು ನೋಡಿ, "ಟೆಸ್ಟೇ ಸುಳ್ಳು, ಪಾಸಿಟಿವ್ ಮಾಡಿದರೆ ದುಡ್ಡು" ಅನ್ನೋ ಮಾತು. ಪಿಸಿಆರ್ ಕಂಡುಹಿಡಿದ ಕ್ಯಾರಿ ಮುಲ್ಲಿಸ್ ಅವರೇ ಕೊರೊನಾ ಟೆಸ್ಟ್ ನಂಬಬೇಡಿ ಅಂದಿದ್ದಾರೆ ಅಂತ ವಾಟ್ಸಾಪ್ ಓಡಾಡಿತು. ಸ್ವಾಮಿ, 1983ರಲ್ಲಿ ಇದನ್ನು ಕಂಡುಹಿಡಿದು 1993ರಲ್ಲಿ ನೊಬೆಲ್ ಪಡೆದ ಆ ಮನುಷ್ಯ ತೀರಿಕೊಂಡಿದ್ದು 2019ರ ಆಗಸ್ಟ್‌ನಲ್ಲಿ. ಈ ರೋಗದ ಹೆಸರನ್ನೂ ಅವರು ಕೇಳಿರಲಿಲ್ಲ!

ಎಂಜಿನಿಯರಿಂಗ್ ಓದಿದವನಿಗೆ ಈ ಯಂತ್ರದ ಲೆಕ್ಕ ಖುಷಿ ಕೊಡುತ್ತೆ. ವೈರಸ್ಸಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಮಾಡಿಕೊಳ್ಳುತ್ತಾರೆ. ಆಮೇಲೆ ಸುತ್ತಿಗೊಮ್ಮೆ ಅದು ದುಪ್ಪಟ್ಟು. ಹತ್ತು ಸುತ್ತಿಗೆ ಒಂದು ಪ್ರತಿ 1,024 ಆಗುತ್ತೆ, ಮೂವತ್ತಕ್ಕೆ 107 ಕೋಟಿ. ಎಷ್ಟನೇ ಸುತ್ತಿನಲ್ಲಿ ಸಿಕ್ಕಿತು ಅನ್ನೋದೇ ಸಿಟಿ ವ್ಯಾಲ್ಯೂ. ಐಸಿಎಂಆರ್ ಹಾಕಿದ ಗೆರೆ 35. ಒಬ್ಬರಿಗೆ 18, ಇನ್ನೊಬ್ಬರಿಗೆ 34 ಬಂದರೆ ಇಬ್ಬರೂ ಪಾಸಿಟಿವ್. ಆದರೆ ಸ್ಯಾಂಪಲ್‌ನಲ್ಲಿರುವ ವೈರಸ್ ಪ್ರಮಾಣದಲ್ಲಿ ಸುಮಾರು 65 ಸಾವಿರ ಪಟ್ಟು ವ್ಯತ್ಯಾಸ! ವಾಸಿಯಾದವರ ಮೂಗಿನಲ್ಲಿ ಉಳಿದ ಸತ್ತ ವೈರಸ್ಸಿನ ಚೂರನ್ನೂ ಇದು ವಾರಗಟ್ಟಲೆ ಹಿಡಿಯುತ್ತೆ. ಅದು ಸುಳ್ಳಲ್ಲ, ಹಳೇ ಸುದ್ದಿ.

ನಿಜವಾದ ಅಪಾಯ ಇದ್ದಿದ್ದು ನೆಗೆಟಿವ್‌ನಲ್ಲಿ. ಜಾನ್ಸ್ ಹಾಪ್ಕಿನ್ಸ್ ತಜ್ಞರು 2020ರಲ್ಲಿ ಏಳು ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದರು. ರೋಗಲಕ್ಷಣ ಶುರುವಾದ ದಿನವೇ ಪರೀಕ್ಷಿಸಿದರೆ ನೂರು ಸೋಂಕಿತರಲ್ಲಿ 38 ಮಂದಿಗೆ ನೆಗೆಟಿವ್ ಬರಬಹುದು. ಮೂರು ದಿನ ಬಿಟ್ಟರೆ 20. ಲಕ್ಷಣಕ್ಕೆ ಒಂದು ದಿನ ಮುಂಚೆಯಾದರೆ 67. ಯಂತ್ರ ಅದೇ, ಬದಲಾಗಿದ್ದು ದಿನ. ಕಡ್ಡಿ ಸರಿಯಾಗಿ ಒಳಗೆ ಹೋಗದಿದ್ದರೂ ಅಷ್ಟೇ, ಬರದೇ ಇದ್ದ ವೈರಸ್ಸನ್ನು ಲ್ಯಾಬ್ ಎಲ್ಲಿಂದ ಹುಡುಕೀತು?

ಈಗ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಹಳ್ಳಿಯ ಒಂದು ಮನೆ ಊಹಿಸಿಕೊಳ್ಳಿ. ಅಜ್ಜನಿಗೆ ಬೆಳಗ್ಗೆ ಜ್ವರ, ಮಧ್ಯಾಹ್ನ ಟೆಸ್ಟ್. ಸ್ಯಾಂಪಲ್ ಐಸ್ ಡಬ್ಬಿಯಲ್ಲಿ ಲ್ಯಾಬ್‌ಗೆ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ಮತ್ತೆರಡು ದಿನ. "ನೆಗೆಟಿವ್ ಐತಿ" ಅಂತ ಮೊಮ್ಮಕ್ಕಳು ಪಕ್ಕದಲ್ಲೇ ಮಲಗುತ್ತಾರೆ. ಆ ರಿಪೋರ್ಟ್ ಹೇಳಿದ್ದು ಎರಡು ದಿನದ ಹಿಂದಿನ ಮೂಗಿನ ಕಥೆ.

ರ್‍ಯಾಪಿಡ್ ಟೆಸ್ಟ್‌ನಲ್ಲಿ ನೆಗೆಟಿವ್ ಬಂದು ಲಕ್ಷಣ ಇದ್ದರೆ ಆರ್‌ಟಿ-ಪಿಸಿಆರ್ ಮಾಡಲೇಬೇಕು ಅಂತ ಐಸಿಎಂಆರ್ 2020ರಲ್ಲೇ ಹೇಳಿತ್ತು. ಆ ಆರ್‌ಟಿ-ಪಿಸಿಆರ್ ಕೂಡ ನೆಗೆಟಿವ್ ಬಂದು ಉಸಿರಾಟ ಕಷ್ಟವಾಗುತ್ತಲೇ ಇದ್ದರೆ? ಒಳ್ಳೆಯ ವೈದ್ಯರು ಕಾಗದ ಪಕ್ಕಕ್ಕಿಟ್ಟು ಆಕ್ಸಿಮೀಟರ್ ನೋಡಿದರು, ಎದೆಯ ಸಿಟಿ ಸ್ಕ್ಯಾನ್ ಬರೆದರು, ಎರಡು ದಿನ ಬಿಟ್ಟು ಮತ್ತೊಮ್ಮೆ ಕಡ್ಡಿ ಹಾಕಿಸಿದರು.