ವಾಸಿಯಾದವನ ತಂಬೂರಿ

ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ತಿಥಿಯೋ ಹಬ್ಬವೋ ಹರಕೆಯೋ ಇದ್ದರೆ, ರಾತ್ರಿ ಊಟವಾದ ಮೇಲೆ ಚಪ್ಪರದ ಕೆಳಗೆ ನೀಲಗಾರರು ಬಂದು ಕೂರುವ ಪದ್ಧತಿಯಿದೆ. ಒಬ್ಬರ ಕೈಯಲ್ಲಿ ತಂಬೂರಿ ಮತ್ತು ಗಗ್ಗರ, ಜೊತೆಯವರ ಕೈಯಲ್ಲಿ ದಮ್ಮಡಿ, ತಾಳ. ಹಣೆಗೆ ಬಿಳಿಯ ವಿಭೂತಿಯಲ್ಲ, ಕಪ್ಪು ಧೂಳ್ತ. ಬೆಳಗಿನ ಜಾವದವರೆಗೆ ಅವರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಅವರಲ್ಲಿ ವಯಸ್ಸಾದವರನ್ನು ‘ನೀವು ಯಾಕೆ ನೀಲಗಾರರಾದಿರಿ?’ ಎಂದು ಕೇಳಿದರೆ, ಹಾಡುವ ಆಸೆಯಿಂದ ಎಂದು ಹೇಳುವವರು ಕಡಿಮೆ. ‘ಹುಡುಗನಾಗಿದ್ದಾಗ ಕಾಯಿಲೆ ಬಿದ್ದಿದ್ದೆ, ಅವ್ವ ಹರಕೆ ಹೊತ್ತಳು, ಗುಡ್ಡನನ್ನಾಗಿ ಬಿಟ್ಟರು’ ಎಂಬುದೇ ಸಾಮಾನ್ಯವಾದ ಉತ್ತರ.

ದೇವರು ರೋಗ ವಾಸಿಮಾಡುತ್ತಾನೆ ಎಂದು ಬಾಯಲ್ಲಿ ಹೇಳುವವರು ಎಲ್ಲ ಕಡೆಯೂ ಇದ್ದಾರೆ. ಆದರೆ ಆ ನಂಬಿಕೆಗೆ ಒಂದು ಇಡೀ ಬದುಕನ್ನೇ ಬೆಲೆಯಾಗಿ ಕೊಡುವುದು ಬೇರೆ ಮಾತು. ಹರಕೆಯ ಹುಡುಗ ಗುಣವಾದ ಮೇಲೆ ಕಾಣಿಕೆ ಹಾಕಿ ಮನೆಗೆ ಬರುವುದಲ್ಲ. ದೀಕ್ಷೆ ಪಡೆಯಬೇಕು, ಕಥೆ ಕಲಿಯಬೇಕು, ಜೋಳಿಗೆ ಹಿಡಿದು ಭಿಕ್ಷಕ್ಕೆ ಹೋಗಬೇಕು. ಹೊಲ, ಮನೆ, ಹೆಂಡತಿ, ಮಕ್ಕಳು ಎಲ್ಲ ಇದ್ದುಕೊಂಡೇ ಅವನು ಸಾಯುವವರೆಗೂ ಸ್ವಾಮಿಯ ಗುಡ್ಡ.

ಫ್ರಾನ್ಸಿನ ಲೂರ್ದ್ ಎಂಬ ಊರಿನ ಉದಾಹರಣೆಯನ್ನು ಇಲ್ಲಿ ನೆನೆಯಬಹುದು. 1858ರಲ್ಲಿ ಅಲ್ಲಿ ಒಬ್ಬ ಹುಡುಗಿಗೆ ಮರಿಯಮ್ಮನ ದರ್ಶನವಾಯಿತೆಂಬ ನಂಬಿಕೆಯಿಂದ ರೋಗಿಗಳು ಬರತೊಡಗಿದರು. ಗುಣವಾಯಿತೆಂದು ಹೇಳಿದವರನ್ನು ಪರೀಕ್ಷಿಸಲು ವೈದ್ಯರ ಕಚೇರಿಯೇ ಹುಟ್ಟಿಕೊಂಡಿತು. ಲಕ್ಷಾಂತರ ಜನ ಹೋಗಿಬಂದರೂ ಚರ್ಚು ಈವರೆಗೆ ಪವಾಡವೆಂದು ಒಪ್ಪಿರುವುದು ಎಪ್ಪತ್ತರ ಆಸುಪಾಸಿನಷ್ಟು ಪ್ರಕರಣಗಳನ್ನು ಮಾತ್ರ. ನಮ್ಮ ಸೀಮೆಯಲ್ಲಿ ಅಂಥ ಕಡತವಿಲ್ಲ. ಇಲ್ಲಿ ವಾಸಿಯಾದದ್ದಕ್ಕೆ ದಾಖಲೆ ಎಂದರೆ ವಾಸಿಯಾದ ಮನುಷ್ಯನೇ, ಅವನ ಹೆಗಲ ಮೇಲಿನ ತಂಬೂರಿಯೇ.

ಮಂಟೇಸ್ವಾಮಿಯ ಕಾಲ ಹದಿನೈದು, ಹದಿನಾರನೆಯ ಶತಮಾನದ ಸುಮಾರಿನದೆಂದು ವಿದ್ವಾಂಸರು ಊಹಿಸುತ್ತಾರೆ. ಅವರ ಗದ್ದುಗೆ ಇರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಶಿಷ್ಯರಲ್ಲಿ ರಾಚಪ್ಪಾಜಿಯ ನೆಲೆ ಮೈಸೂರು ಜಿಲ್ಲೆಯ ಕಪ್ಪಡಿ. ಸಿದ್ಧಪ್ಪಾಜಿಯ ನೆಲೆ ಕಾವೇರಿಯಾಚೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು. ಈ ಒಕ್ಕಲಿನಲ್ಲಿ ದಲಿತರೂ ಇದ್ದಾರೆ, ಒಕ್ಕಲಿಗರು, ಕುರುಬರು, ಉಪ್ಪಾರರೂ ಇದ್ದಾರೆ. ಶತಮಾನಗಳಿಂದ ಬಾಯಿಂದ ಬಾಯಿಗೆ ಬಂದ ಇವರ ಕಾವ್ಯ ಗ್ರಂಥರೂಪಕ್ಕೆ ಬಂದದ್ದು ಕಳೆದ ಶತಮಾನದಲ್ಲಿ, ಡಾ. ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ‘ಮಂಟೇಸ್ವಾಮಿ’ ಮಹಾಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು.

ಆ ಕಾವ್ಯದ ಕಲ್ಯಾಣದ ಸಾಲನ್ನು ರೋಗದ ದೃಷ್ಟಿಯಿಂದ ಓದಿದವರು ಕಡಿಮೆಯೆಂದು ನನಗೆ ತೋರುತ್ತದೆ. ಬಸವಣ್ಣನವರ ಕಲ್ಯಾಣದಲ್ಲಿ ನಿಜವಾದ ಶರಣರು ಎಷ್ಟು ಜನ ಎಂದು ನೋಡಲು ಮಂಟೇಸ್ವಾಮಿ ಬರುತ್ತಾರೆ. ಬರುವುದು ಕಿರೀಟ ಇಟ್ಟುಕೊಂಡಲ್ಲ. ಮೈಯೆಲ್ಲ ಹುಣ್ಣು, ಸುತ್ತ ನೊಣ, ಹತ್ತಿರ ನಿಲ್ಲಲಾಗದ ನಾತ, ನೋಡಿದರೆ ಕುಷ್ಠರೋಗಿ. ಬಾಗಿಲಲ್ಲಿದ್ದ ಜಂಗಮರು ಹೊಡೆದು ಓಡಿಸುತ್ತಾರೆ. ಬಸವಣ್ಣನವರಿಗೆ ತಿಳಿದು, ನೀಲಮ್ಮನ ಜೊತೆ ಓಡಿಬಂದು ಎತ್ತಲು ಹೋದರೆ ಕೈ ಹಿಡಿದಲ್ಲಿ ಕೈ ಕಳಚುತ್ತದೆ, ಕಾಲು ಹಿಡಿದಲ್ಲಿ ಕಾಲು ಕಳಚುತ್ತದೆ. ಆದರೂ ಅವರು ಬಿಡುವುದಿಲ್ಲ, ಹೊತ್ತು ತರುತ್ತಾರೆ.

ರೋಗ ಕಳೆಯುವ ದೇವರು ಇಲ್ಲಿ ರೋಗಿಯೇ ಆಗಿ ಬಂದಿದ್ದಾನೆ. ನಂಬಿದವನು ಯಾರು, ನಂಬದವನು ಯಾರು ಎಂದು ಗೊತ್ತಾಗುವುದು ಆ ಮೈಯನ್ನು ಮುಟ್ಟಿದಾಗ. ಕುಷ್ಠವೆಂದರೆ ಊರಾಚೆ ಗುಡಿಸಲು ಹಾಕಿ ಇಡುತ್ತಿದ್ದ ಕಾಲದಲ್ಲಿ, ಮುಟ್ಟಬಾರದವರೆಂದು ತಾವೇ ಊರಾಚೆ ಇದ್ದ ಜನ ಈ ಕಥೆಯನ್ನು ಕಾಪಾಡಿಕೊಂಡು ಬಂದರು. ಅವರಿಗೆ ಇದರ ಅರ್ಥ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನೊಂದು ಘಟ್ಟ ಹಲಗೂರಿನದು. ಮಳವಳ್ಳಿ ತಾಲ್ಲೂಕಿನ ಈ ಊರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷ ತರಲು ಮಂಟೇಸ್ವಾಮಿ ಸಿದ್ಧಪ್ಪಾಜಿಯನ್ನು ಕಳಿಸುತ್ತಾರೆ. ಪೂರ್ವಾಶ್ರಮದಲ್ಲಿ ಅವನೂ ಪಾಂಚಾಳರ ಹುಡುಗ ಕೆಂಪಾಚಾರಿ. ತಮ್ಮವನೇ ಜೋಳಿಗೆ ಹಿಡಿದು ಬಂದದ್ದು ಅವರಿಗೆ ಅವಮಾನವೆನಿಸಿ, ಪರೀಕ್ಷೆಗಳ ಮೇಲೆ ಪರೀಕ್ಷೆ ಒಡ್ಡುತ್ತಾರೆ, ವಿಷ ಇಕ್ಕುತ್ತಾರೆ. ಅವನು ಗುರುವನ್ನು ನೆನೆದು ಅದನ್ನೂ ಗೆಲ್ಲುತ್ತಾನೆ.

ಈ ಕಥೆ ನಮ್ಮ ಕಡೆ ಬರೀ ಕಥೆಯಾಗಿ ಉಳಿದಿಲ್ಲ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದವನನ್ನು ಗುಡಿಗೋ ಮಂತ್ರ ಹಾಕುವವರ ಮನೆಗೋ ಹೊತ್ತುಕೊಂಡು ಹೋಗಿ, ಮೈ ನೀಲಿಗಟ್ಟಿದ ಮೇಲೆ ಆಸ್ಪತ್ರೆಗೆ ತಂದದ್ದನ್ನು ಹಳ್ಳಿಯವರು ಬಲ್ಲರು. ಅದನ್ನು ಮುಚ್ಚಿಟ್ಟು ನಂಬಿಕೆಯ ಬಗ್ಗೆ ಬರೆಯುವುದು ಅಪ್ರಾಮಾಣಿಕವಾಗುತ್ತದೆ. ಹಾವಿನ ವಿಷಕ್ಕೆ ಔಷಧವೆಂದರೆ ವಿಷಹಾರಿ ಚುಚ್ಚುಮದ್ದು. ಅದು ಬೇಗ ಸಿಗಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿದೆ. ಹಲಗೂರಿನ ಸಾಲನ್ನು ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ಹೊಳೆಯಬೇಕು: ಸಿದ್ಧಪ್ಪಾಜಿ ಹೋದದ್ದು ಗುರು ಹೇಳಿದ ಕೆಲಸಕ್ಕೆ. ವಿಷಕ್ಕೆ ಮದ್ದು ಇದು ಎಂದು ಅವನು ಯಾರಿಗೂ ಹೇಳಲಿಲ್ಲ.

ನಂಬಿಕೆಗೂ ಔಷಧಕ್ಕೂ ಹಗೆ ಎಂದು ತಿಳಿಯಬೇಕಾಗಿಲ್ಲ ಎನ್ನುವುದಕ್ಕೆ ಮೈಸೂರು ಸೀಮೆಯ ಇತಿಹಾಸದಲ್ಲೇ ನಿದರ್ಶನವಿದೆ. ಸಿಡುಬನ್ನು ಜನ ‘ಅಮ್ಮ’ ಎನ್ನುತ್ತಿದ್ದರು. ಅಮ್ಮ ಬಂದ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಹೊರಗಿನವರನ್ನು ಒಳಗೆ ಬಿಡದೆ, ಮನೆಯವರು ಮೆತ್ತಗೆ ಮಾತಾಡಿಕೊಂಡಿರುತ್ತಿದ್ದರು. ನಮ್ಮ ಪೂರ್ವಿಕರು ಸೋಂಕಿನ ವಿಜ್ಞಾನ ಬಲ್ಲವರಾಗಿದ್ದರು ಎಂದು ಇದರಿಂದ ಹೆಮ್ಮೆಪಡುವವರಿದ್ದಾರೆ, ಅದು ಅತಿಯಾಯಿತು. ಅವರು ದೊಡ್ಡ ಅತಿಥಿಯೊಬ್ಬಳು ಮನೆಯಲ್ಲಿರುವಾಗ ಹೇಗಿರಬೇಕೋ ಹಾಗಿದ್ದರು, ಅಷ್ಟೆ. ಇದೇ ಜನರ ಎದುರಿಗೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರ ದಾಕು ಬಂತು. ಸಿಡುಬಿಗೆ ಗಂಡನನ್ನು ಕಳೆದುಕೊಂಡಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಅದಕ್ಕೆ ಅಡ್ಡಿ ಮಾಡಲಿಲ್ಲ. ಮೂರನೆಯ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರಿಗೆ ದಾಕು ಹಾಕಿಸಿದ ಸುದ್ದಿ 1806ರಲ್ಲಿ ಪ್ರಕಟವಾದಾಗ ಜನರೂ ಮುಂದೆ ಬಂದರು. ಅರಮನೆಯವರು ಅಮ್ಮನ ಪೂಜೆಯನ್ನೇನೂ ಬಿಟ್ಟುಬಿಡಲಿಲ್ಲ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮಳವಳ್ಳಿಯ ದಂಡಿನ ಮಾರಮ್ಮನಿಗೂ ಪಟ್ಟಲದಮ್ಮನಿಗೂ ಇವತ್ತಿಗೂ ಹರಕೆ ನಿಂತಿಲ್ಲ.

ಹರಕೆಯ ರೀತಿ ಮಾತ್ರ ಬದಲಾಗಿದೆ. ಮಗನನ್ನು ಬಾಳೆಲ್ಲ ಗುಡ್ಡನಾಗಿ ಬಿಡುವವರು ಅಪರೂಪವಾಗುತ್ತಿದ್ದಾರೆ. ಓದು, ಬೆಂಗಳೂರಿನ ಕೆಲಸ ಇವುಗಳ ನಡುವೆ ಜೋಳಿಗೆಗೆ ಜಾಗವಿಲ್ಲ. ಆಸ್ಪತ್ರೆಯಲ್ಲಿ ಗುಣವಾದ ಮಗುವನ್ನು ಕರೆದುಕೊಂಡು ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋಗಿ, ಮುಡಿ ಕೊಟ್ಟು, ನಾಲ್ಕು ಜನಕ್ಕೆ ಊಟ ಹಾಕಿ ಬರುತ್ತಾರೆ. ಡಾಕ್ಟರ ಬಿಲ್ಲನ್ನೂ ಕಟ್ಟಿರುತ್ತಾರೆ, ಸಿದ್ಧಪ್ಪಾಜಿಯ ಸಾಲವನ್ನೂ ತೀರಿಸುತ್ತಾರೆ. ಇದರಲ್ಲಿ ಎಡಬಿಡಂಗಿತನವೇನೂ ಅವರಿಗೆ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ.

ಎಲ್ಲ ಮಕ್ಕಳೂ ಬದುಕಿ ಉಳಿಯುವುದಿಲ್ಲ ಎಂಬುದನ್ನು ಈ ಪರಂಪರೆ ಮರೆತಂತಿಲ್ಲ. ಕೆಂಪಾಚಾರಿಯ ಸಾಲಿನಲ್ಲಿ ಮಂಟೇಸ್ವಾಮಿ ಬಾಚಿಬಸವಯ್ಯ, ಮುದ್ದಮ್ಮ ದಂಪತಿಗಳ ಮಗನನ್ನು ಭಿಕ್ಷವಾಗಿ ಕೇಳುತ್ತಾರೆ. ಹಣ ಕೇಳಿ, ದವಸ ಕೇಳಿ, ಮಗನನ್ನು ಮಾತ್ರ ಕೇಳಬೇಡಿ ಎಂಬುದು ಅವರ ಮಾತು. ದೇವರೇ ಬಂದು ಕೇಳಿದರೂ ಕೊಡಲಾರದ ಆ ತಾಯಿಯ ಸಂಕಟವನ್ನು ಹಾಡುವವನು, ತನ್ನ ತಾಯಿ ಹರಕೆ ಹೊತ್ತು ಕೊಟ್ಟ ಮಗ. ಮೇಳದವರು ಸೊಲ್ಲು ಹಿಡಿಯುತ್ತಾರೆ. ಚಪ್ಪರದ ಕೆಳಗೆ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಕಥೆ ಹಲಗೂರಿಗೆ ಬರುವಷ್ಟರಲ್ಲಿ ಕೋಳಿ ಕೂಗುವ ಹೊತ್ತು.