ಮೂಳೆನೋವಿನ ಮೂಲ ಹುಡುಕುವ ಜೋಡಿ ಸ್ಕ್ಯಾನ್

ಇಳಕಲ್ಲಿನ ನೇಕಾರರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಗಂಟೆಗಟ್ಟಲೆ ಕುಳಿತು ದುಡಿಯುತ್ತಾರೆ. ಅಲ್ಲಿನ ಕೆಂಪು ಗ್ರಾನೈಟ್ ಗಣಿಗಳ ಕೆಲಸವೂ ಬೆನ್ನು, ಭುಜಗಳಿಗೆ ಭಾರ. ಇದರೊಂದಿಗೆ ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್, ಬಾದಾಮಿ ಭಾಗಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಕಂಡುಬಂದಿದೆ. ಹೀಗಾಗಿ ಇಲ್ಲಿ ಸೊಂಟನೋವಿಗೆ ದುಡಿಮೆ, ಕೀಲುಸವೆತ, ನೀರು ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಕ್ಯಾನ್ಸರ್ ಅಲ್ಲದ ಇಂತಹ ತೊಂದರೆಗಳ ಮೂಲ ಗುರುತಿಸಲು ನೆರವಾಗುವ ಪರೀಕ್ಷೆಗಳಲ್ಲೊಂದು ಸ್ಪೆಕ್ಟ್-ಸಿಟಿ.

ಕಾರ್ಯವಿಧಾನ: ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು ಬೆರೆತ ಔಷಧವನ್ನು ರಕ್ತನಾಳಕ್ಕೆ ಚುಚ್ಚಲಾಗುತ್ತದೆ. ಮೂಳೆ ಹೊಸದಾಗಿ ರೂಪುಗೊಳ್ಳುತ್ತಿರುವೆಡೆ ಅದು ಹೆಚ್ಚು ಸೇರಿಕೊಳ್ಳುತ್ತದೆ. 2ರಿಂದ 4 ಗಂಟೆಗಳ ನಂತರ ಗಾಮಾ ಕ್ಯಾಮೆರಾ ಆ ಜಾಗಗಳನ್ನು ಸೆರೆಹಿಡಿಯುತ್ತದೆ. ಅದೇ ಮೇಜಿನ ಮೇಲೆ ತೆಗೆದ ಸಿಟಿ ಚಿತ್ರ ಮೂಳೆಯ ಆಕಾರವನ್ನು ತೋರಿಸುತ್ತದೆ. ಎರಡನ್ನೂ ಒಂದರ ಮೇಲೊಂದು ಕೂಡಿಸಿದಾಗ, ನೋಯುತ್ತಿರುವುದು ಬೆನ್ನುಮೂಳೆಯ ಯಾವ ಕೀಲು ಎಂಬುದು ನಿಖರವಾಗಿ ತಿಳಿಯಬಹುದು. ಟೆಕ್ನೀಷಿಯಂನ ಅರ್ಧಾಯುಷ್ಯ ಕೇವಲ 6 ಗಂಟೆ.

ಪೆಟ್-ಸಿಟಿ ಇದೇ ತತ್ತ್ವದ ಇನ್ನೊಂದು ಜೋಡಿ. ಮೂಳೆಗಾಗಿ ಅದರಲ್ಲಿ ಬಳಸುವುದು ವಿಕಿರಣಶೀಲ ಫ್ಲೋರೈಡ್ (ಫ್ಲೋರಿನ್-18). ಕುಡಿಯುವ ನೀರಿನ ಫ್ಲೋರೈಡ್ ಯಾವ ಗುಣದಿಂದ ಮೂಳೆಯೊಳಗೆ ನೆಲೆಸುತ್ತದೆಯೋ, ಅದೇ ಗುಣ ಇಲ್ಲಿ ರೋಗಪತ್ತೆಗೆ ಸಾಧನವಾಗಿದೆ. ಪರೀಕ್ಷೆಯಲ್ಲಿ ಬಳಸುವ ಪ್ರಮಾಣ ಅತ್ಯಲ್ಪವಾದ್ದರಿಂದ ಫ್ಲೋರೋಸಿಸ್ ಬರುವ ಭಯವಿಲ್ಲ.

ಯಾರಿಗೆ ಉಪಯುಕ್ತ: ಎಕ್ಸ್-ರೇಯಲ್ಲಿ ಕಾಣದ ಸೂಕ್ಷ್ಮ ಬಿರುಕು, ಶಸ್ತ್ರಚಿಕಿತ್ಸೆಯ ಬಳಿಕವೂ ಉಳಿದ ಬೆನ್ನುನೋವು, ಅಳವಡಿಸಿದ ಕೃತಕ ಮಂಡಿ ಸಡಿಲವಾದ ಸಂದೇಹ, ಮೂಳೆ ಸೋಂಕು ಇಂತಹ ಸಂದರ್ಭಗಳಲ್ಲಿ ವೈದ್ಯರು ಇದನ್ನು ಸೂಚಿಸುತ್ತಾರೆ. ಬಿರುಕಿದ್ದರೆ ಒಂದೇ ಬಿಂದು ಎದ್ದು ಕಾಣುತ್ತದೆ. ತೀವ್ರ ಫ್ಲೋರೋಸಿಸ್‌ನಲ್ಲಿ ಇಡೀ ಅಸ್ಥಿಪಂಜರವೇ ಪ್ರಖರವಾಗಿ ಕಾಣಬಹುದು. ಸ್ನಾಯು, ಅಸ್ಥಿರಜ್ಜುಗಳ ತೊಂದರೆಗೆ ಎಂಆರ್‌ಐ ಹೆಚ್ಚು ಸೂಕ್ತ.

ಇದು ಮೊದಲ ಪರೀಕ್ಷೆಯಲ್ಲ. ಫ್ಲೋರೋಸಿಸ್ ಪತ್ತೆಗೆ ಮುಂಗೈ ಮತ್ತು ಸೊಂಟದ ಎಕ್ಸ್-ರೇ, ಮೂತ್ರ ಹಾಗೂ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಸಾಮಾನ್ಯವಾಗಿ ಸಾಕಾಗುತ್ತವೆ. ಆದ್ದರಿಂದ ಮಹಾನಗರದ ದುಬಾರಿ ಸ್ಕ್ಯಾನ್‌ಗೆ ಹೊರಡುವ ಮುನ್ನ ಇವುಗಳನ್ನು ಮಾಡಿಸುವುದು ಲೇಸು.

ಎಚ್ಚರಿಕೆ: ಗರ್ಭಿಣಿಯರು ಹಾಗೂ ಎದೆಹಾಲುಣಿಸುವ ತಾಯಂದಿರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಚುಚ್ಚುಮದ್ದಿನ ನಂತರ ಹೆಚ್ಚು ನೀರು ಕುಡಿದು ಪದೇ ಪದೇ ಮೂತ್ರ ವಿಸರ್ಜಿಸಬೇಕು.

ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಕುದಿಸುವುದರಿಂದ ಅದು ಹೋಗುವುದಿಲ್ಲ. ಮೂಳೆಗೆ ತಗುಲಿದ ಫ್ಲೋರೋಸಿಸ್ ಪೂರ್ಣ ಗುಣವಾಗುವುದು ಕಷ್ಟ. ನೀರಿನ ಮೂಲ ಬದಲಿಸುವುದೇ ಮೊದಲ ಚಿಕಿತ್ಸೆ.